ಕುಷ್ಠರೋಗಿಗಳ ಕೋಟೆಗೆ ಅಗಳಿ ಒಳಗಿತ್ತು

ಫ್ರಾನ್ಸಿನ ಪಾರಂಪರಿಕ ಕಟ್ಟಡಗಳ ರಕ್ಷಣಾಧಿಕಾರಿಗಳಾದ ಮಾನ್ಯರೇ,

ನಮ್ಮೂರ ಗುಡ್ಡದ ಮೇಲಿನ ಹಳೆಯ ಕುಷ್ಠರೋಗಿಗಳ ಆಸ್ಪತ್ರೆಯ ಹೆಬ್ಬಾಗಿಲ ಗೋಡೆಯಲ್ಲಿ ಎದುರುಬದುರಾಗಿ ಎರಡು ತೂತುಗಳಿವೆ. ಸೋಮವಾರದೊಳಗೆ ಅವನ್ನು ಗಾರೆಯಿಂದ ಮುಚ್ಚಬೇಕೆಂದು ತಮ್ಮ ಕಚೇರಿ ನನಗೆ ಆಜ್ಞೆ ಮಾಡಿದೆ. ನಾನು ಮುಚ್ಚುವುದಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಬರೆಯುವುದು ಸುಲಭ, ಹೋದರೆ ನನಗೆ ಕಷ್ಟವೇ.

ಏಳುನೂರು ವರ್ಷ ಯಾರಿಗೂ ತೊಂದರೆ ಕೊಡದ ತೂತುಗಳು ತಮಗೆ ಈಗೇಕೆ ಚುಚ್ಚುತ್ತಿವೆ? ಬಾಗಿಲ ಬಳಿ ತಾವು ನಿಲ್ಲಿಸಲಿರುವ ಫಲಕದ ಕರಡು ಓದಿದ ಮೇಲೆ ನನ್ನ ಅನುಮಾನ ಗಟ್ಟಿಯಾಯಿತು. "ರೋಗಿಗಳಿಂದ ಊರನ್ನು ಕಾಪಾಡಲು ಈ ಕೋಟೆಗೋಡೆ ಕಟ್ಟಲಾಯಿತು." ಆಹಾ! ನಾನು ಓದಿದವನಲ್ಲ, ಕಲ್ಲುಕೆಲಸದವನು. ಆದರೆ ಅಗಳಿ ಯಾವ ಕಡೆ ಹಾಕುತ್ತಾರೆಂಬುದು ಗೊತ್ತು. ಆ ತೂತುಗಳು ಬಾಗಿಲಿಗೆ ಅಡ್ಡ ಹಾಕುವ ಅಗಳಿಯವು, ಇರುವುದು ಬಾಗಿಲಿನ ಒಳಬದಿಯಲ್ಲಿ. ಕೂಡಿಹಾಕುವವನು ಹೊರಗಿನಿಂದ ಅಗಳಿ ಹಾಕುತ್ತಾನೆ, ಹೆದರಿದವನು ಒಳಗಿನಿಂದ. ಬಾಣದ ಕಿಂಡಿಗಳೂ ಊರ ಕಡೆಗೇ ತಿರುಗಿವೆ. ಬೆರಳು ಸವೆದ ಕೈಗಳು ಯಾರ ಭಯಕ್ಕೆ ಬಿಲ್ಲು ಹಿಡಿದವು?

ಬಾಗಿಲ ಸುತ್ತ ಹೊರಮೈಯ ಕಲ್ಲು ಕೆಂಪಾಗಿದೆ. ಅದು ಕಲೆಯಂತೆ, ಕೆತ್ತಿ ತೆಗೆಯಬೇಕಂತೆ! ನಮ್ಮ ಹಳದಿ ಸುಣ್ಣಕಲ್ಲು ಹಾಗೆ ಒಳಗಿನವರೆಗೂ ಕೆಂಪಾಗುವುದು ಬೆಂಕಿಗೆ. ತಮ್ಮ ಸಹಾಯಕರಿಗೆ ಹೇಳಿದೆ. "ಜೂನಿನ ಹಬ್ಬದ ಬೆಂಕಿಯಿಂದ ಆಗಿರ್ಬೇಕು ಬಿಡಿ ಮೇಸ್ತ್ರಿ," ಎಂದರು. ಪ್ರತಿವರ್ಷ ಊರವರೆಲ್ಲ ಸೇರಿ ಉರಿಸುವ ಆ ಹಬ್ಬದ ಬೆಂಕಿ ನೂರು ಹೆಜ್ಜೆ ಕೆಳಗಿನ ಹುಲ್ಲುಗಾವಲಿನಲ್ಲಿರುತ್ತದೆ, ಅದನ್ನು ಹಚ್ಚುವವನೇ ನಾನು ಎಂದೆ. "ಹೇಳಿದ್ದಷ್ಟು ಮಾಡಿ. ಇತಿಹಾಸ ನಮ್ಗೆ ಬಿಡಿ!"

ಸಾವಿರದ ಮುನ್ನೂರ ಇಪ್ಪತ್ತೊಂದರಲ್ಲಿ, ಕುಷ್ಠರೋಗಿಗಳು ಬಾವಿಗೆ ವಿಷ ಹಾಕಿದರೆಂಬ ಗಾಳಿಸುದ್ದಿ ನಂಬಿ ಫ್ರಾನ್ಸಿನ ಈ ಭಾಗದಲ್ಲೆಲ್ಲ ಅವರನ್ನು ಸುಟ್ಟರು. ನಮ್ಮೂರಿನವರು ಮಾತ್ರ ಸಾಧುಗಳೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಮ್ಮ ಕಚೇರಿ ಒರೆಸುತ್ತಿರುವುದು ಯಾರ ಹೆಗಲನ್ನು?

ಇದನ್ನೇ ಕೇಳಲು, ಆಸ್ಪತ್ರೆಯ ಬೀಗದಕೈ ಕಾಯುವ ಲೆಯೊಂತೀನ್ ಅಜ್ಜಿಯ ಮನೆಗೆ ಹೋದೆ. ಅಜ್ಜಿ ಅಕ್ರೋಟು ಒಡೆಯುತ್ತಿದ್ದಳು.

"ಹಬ್ಬದ ಬೆಂಕಿ ನಿಮ್ಮನೇರೇ ಯಾಕೋ ಹಚ್ಬೇಕು, ಗಾಸ್ಪಾರ್? ಯಾವತ್ತಾದ್ರೂ ಕೇಳಿದ್ಯಾ?"

"ಅದು ನಮ್ಮನೆ ಮರ್ಯಾದೆ ಅಲ್ವಾ ಅಜ್ಜಿ? ನಮ್ಮಪ್ಪಾನೂ ಹಚ್ತಿದ್ದ."

"ಹೂಂ, ಮರ್ಯಾದೆ! ಮೊದ್ಲು ಆ ಆಸ್ಪತ್ರೆ ಬಾಗ್ಲಿಗೆ ಬೆಂಕಿ ಹಚ್ಚಿದ್ದು ಯಾರೋ, ಹಬ್ಬದ ಬೆಂಕಿ ಹಚ್ಚೋದೂ ಅವ್ರ ಮನೆಗೇ ಬಂತು ಅಂತ ನಮ್ಮಜ್ಜಿ ಹೇಳೋಳು. ಊರಿಗೆಲ್ಲ ಗೊತ್ತು. ನಿನ್ನೆದುರಿಗೆ ಯಾರೂ ಬಾಯಿ ಬಿಡ್ಲಿಲ್ಲ ಅಷ್ಟೆ."

ಮಾನ್ಯರೇ, ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಇಷ್ಟು ದಿನ ತಮ್ಮನ್ನು ಅನುಮಾನಿಸುತ್ತಿದ್ದ ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಅಜ್ಜಿಯ ಮಾತಿಗೆ ಕಾಗದಪತ್ರದ ಸಾಕ್ಷಿಯಿಲ್ಲ ಎನ್ನುತ್ತೀರಿ, ಗೊತ್ತು. ತಮ್ಮ ಫಲಕಕ್ಕೆ ಇದೆಯೇ?

ತೂತು ಮುಚ್ಚಬೇಡಿ, ಕಲ್ಲು ಕೆರೆಯಬೇಡಿ. ಬಾಗಿಲು ಒಳಗಿನಿಂದ ಭದ್ರವಾಗಿತ್ತು, ಬೆಂಕಿ ಹೊರಗಿನಿಂದ ಬಂತು ಎಂದು ಫಲಕದಲ್ಲಿ ಬರೆಯಿರಿ. ಹಚ್ಚಿದವರ ಹೆಸರು ಬೇಕಿದ್ದರೆ ನಮ್ಮ ಮನೆತನದ್ದನ್ನೇ ಮೊದಲು ಹಾಕಿ. ಈ ಜೂನಿನಲ್ಲಿ ನಾನು ಬೆಂಕಿ ಹಚ್ಚುವುದಿಲ್ಲ. ಆ ತೂತುಗಳಿಗೆ ಸರಿಯಾಗಿ ಕೂರುವ ಓಕ್ ಮರದ ಅಗಳಿಯೊಂದನ್ನು ಮಾಡಿಸಿಟ್ಟಿದ್ದೇನೆ. ತಾವೇ ಬಂದು ಒಳಗೆ ನಿಂತು ಒಮ್ಮೆ ಹಾಕಿ ನೋಡಿ. ನಾನು ಹೊರಗೆ, ನಮ್ಮವರು ನಿಂತಿದ್ದ ಜಾಗದಲ್ಲಿ ನಿಂತಿರುತ್ತೇನೆ.

ಇಂತಿ,
ಇಪ್ಪತ್ತೆರಡು ವರ್ಷ ಬೆಂಕಿ ಹಚ್ಚಿ ಚಪ್ಪಾಳೆ ಗಿಟ್ಟಿಸಿದ
ಗಾಸ್ಪಾರ್ ಟೂರ್ನಾದ್ರ್, ಕಲ್ಲುಕೆಲಸದ ಮೇಸ್ತ್ರಿ