ಒಲೆಗೂ ಸಿಂಕಿಗೂ ನಡುವಿನ ಕಲ್ಲು

ತೂಗೂರು, ಕೃಷ್ಣೆಯ ಹಿನ್ನೀರಿನ ಮೇಲೆ
ಜೂನ್ ಮೂವತ್ತೆರಡು, ೨೨೭೧

ಅಡುಗೆಕಟ್ಟೆಗೆ ಕಲ್ಲು ಆರಿಸಲು ಅಂಗಡಿಯಲ್ಲಿ ನಿಂತಿರುವ ಅಕ್ಕನವರಿಗೆ,

ಜೂನ್ ತಿಂಗಳಿಗೆ ಮೂವತ್ತೆರಡನೆಯ ತಾರೀಖು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಮಳೆ ತಡವಾಗಿ ಬರುವುದೇ ರೂಢಿಯಾದ ಮೇಲೆ ನಮ್ಮಲ್ಲಿ ಮೊದಲ ಮಳೆ ಬೀಳುವ ತನಕ ಜೂನ್ ಮುಗಿಯುವುದಿಲ್ಲ. ಹೋದ ವರ್ಷ ಜೂನ್ ನಲವತ್ತರವರೆಗೆ ಎಳೆದು, ಮಳೆ ಬಿದ್ದ ಮರುದಿನ ಜುಲೈ ಒಂದು ಎಂದೆವು. ಸಂಬಳದವರು ಗೊಣಗುತ್ತಾರೆ, ಉಳಿದವರು ಒಗ್ಗಿಕೊಂಡಿದ್ದೇವೆ. ನನ್ನ ಮಾತೂ ನಿಮಗೆ ಈ ತಾರೀಖಿನಷ್ಟೇ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಕ್ಷಮೆಯಿರಲಿ. ನಿಮ್ಮ ಕಾಲದವರು ಬರೆದಿಟ್ಟದ್ದನ್ನು ಓದಿ, ಅದೇ ರೀತಿ ಬರೆಯಲು ಪ್ರಯತ್ನಿಸಿದ್ದೇನೆ. ನಿಮಗೆ ತಿಳಿಯದ ಪದ ಬಂದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮನ್ನು ಏನೆಂದು ಕರೆಯಬೇಕೆಂದೂ ಬಹಳ ಯೋಚಿಸಿದೆ. ಲೆಕ್ಕದ ಪ್ರಕಾರ ನೀವು ನನ್ನ ಮುತ್ತಜ್ಜಿಗೂ ಮುತ್ತಜ್ಜಿ. ಆದರೆ ಇನ್ನೂ ಕೂದಲು ನೆರೆಯದ ಹೆಂಗಸನ್ನು ಅಜ್ಜಿ ಎಂದು ಕರೆದು ಬೈಸಿಕೊಳ್ಳುವ ಆಸೆ ನನಗಿಲ್ಲ.

ನಾನು ಗೌರಾಂಬಿಕೆ ಕಮತಗಿ. ಮಕ್ಕಳಿಗೆ ಈಜು ಕಲಿಸುವುದು ನನ್ನ ಕೆಲಸ. ನಮ್ಮ ಊರು ತೂಗೂರು, ಹೆಸರೇ ಹೇಳುವಂತೆ ತೂಗುವ ಊರು. ಹಿನ್ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಹೇಳಲಾಗದ ಕಾಲ ಬಂದಾಗ ಹಿರಿಯರು ದೊಡ್ಡ ದೊಡ್ಡ ಕಂಬ ನೆಟ್ಟು ಮನೆಗಳನ್ನು ಹಗ್ಗದಲ್ಲಿ ನೇತುಹಾಕಿದರು. ನೀರು ಏರಿದರೆ ಮನೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತೇವೆ. ಹಾಗಾಗಿ ನಮ್ಮಲ್ಲಿ ಎಲ್ಲಕ್ಕೂ ತೂಕವೇ ದೊಡ್ಡದು. ಪ್ರತಿ ಮನೆಗೂ ಒಂದು ತೂಕಪಾಲು ಇದೆ: ಆ ಮನೆಯ ಸಾಮಾನು, ಕಾಳುಕಡಿ, ಜನ, ಬೆಕ್ಕು ಎಲ್ಲ ಸೇರಿ ಅಷ್ಟರೊಳಗೇ ಇರಬೇಕು. ಹೊಸ್ತಿಲಲ್ಲೇ ತಕ್ಕಡಿ ಇರುತ್ತದೆ. ಬಂದವರು ಮೊದಲು ಅದರ ಮೇಲೆ ನಿಲ್ಲಬೇಕು, ಆಮೇಲೆ ಕೈಕಾಲು ತೊಳೆಯಲು ನೀರು. ಮದುವೆಗೆ ಯಾರೂ ಪಾತ್ರೆ ಉಡುಗೊರೆ ಕೊಡುವುದಿಲ್ಲ, ಕೊಟ್ಟರೆ ಜಗಳ. ಬಸುರಿಗೆ ಏಳನೆಯ ತಿಂಗಳಲ್ಲಿ ಕುಪ್ಪಸದ ಜೊತೆಗೆ ಹುಟ್ಟುವ ಕೂಸಿನ ಪಾಲಿನ ತೂಕವನ್ನೂ ಉಡಿ ತುಂಬುತ್ತಾರೆ. ಬೀಗರು ಬಂದರೆ ಮೂರು ದಿನದ ಮಟ್ಟಿಗೆ ಹೆಚ್ಚಿನ ತೂಕಕ್ಕೆ ಮಾಫಿ ಇದೆ, ಅದಕ್ಕೆ ಬೀಗರಪಾಲು ಎಂದೇ ಹೆಸರು. ಇದನ್ನೆಲ್ಲ ನೋಡಿಕೊಳ್ಳುವವರು ತೂಕಮಂಡಳಿಯವರು.

ಈ ವರ್ಷ ನಮ್ಮ ಸಾಲಿನ ಅಡುಗೆಮನೆಗಳನ್ನು ಹೊಸದು ಮಾಡುವ ಸರದಿ ಬಂತು. ಹಳೆಯ ಕಟ್ಟೆ ಕಿತ್ತು ಹೊಸದು ಹಾಕಿಸಬೇಕು, ಮಂಡಳಿ ಒಪ್ಪಿದ ಮೂರು ಬಗೆಯ ಹಲಗೆಗಳಲ್ಲೇ ಒಂದನ್ನು ಆರಿಸಬೇಕು. ಮೊದಲನೆಯದು ಮೀನುಚಿಪ್ಪಿನ ಹಾಳೆ. ಎರಡನೆಯದು ನೊರೆಗಾಜು, ಅಂದರೆ ಗಾಜನ್ನು ಕಾಸಿ ನೊರೆ ಬರಿಸಿ ಆರಿಸಿದ್ದು. ಮೂರನೆಯದು ಎಲ್ಲರೂ ಮುಗಿಬಿದ್ದು ಕೊಳ್ಳುವ ಅಣಬೆಹಲಗೆ. ಅಣಬೆಯ ಬೇರನ್ನು ಅಚ್ಚಿನಲ್ಲಿ ಬೆಳೆಸಿ ಮಾಡಿದ ಈ ಹಲಗೆಗೆ ಜೀವ ಇದೆ. ಚೆಲ್ಲಿದ ಸಾರನ್ನು ತಾನೇ ಕುಡಿಯುತ್ತದೆ, ಬಿದ್ದ ಅನ್ನದ ಅಗಳನ್ನು ತಾನೇ ತಿನ್ನುತ್ತದೆ, ಒರೆಸುವ ಕೆಲಸವೇ ಇಲ್ಲ. ಒಂದು ಹಲಗೆಯನ್ನು ಸಣ್ಣ ಹುಡುಗಿಯೂ ಬಗಲಲ್ಲಿ ಇಟ್ಟುಕೊಂಡು ಹೋಗಬಹುದು. ನೋಡಲಿಕ್ಕೂ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ.

ನಾನು ಅಂಗಡಿಗೆ ಬರಿಗೈಯಲ್ಲಿ ಹೋಗಲಿಲ್ಲ. ಬಿಸಿನೀರಿನಲ್ಲಿ ಕಲಸಿದ ಜೋಳದ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಒಂದು ಹಿಡಿ ಒಣಹಿಟ್ಟನ್ನೂ ಕಟ್ಟಿಕೊಂಡು ಹೋದೆ. ಅಲ್ಲಿಟ್ಟಿದ್ದ ಮೂರೂ ಮಾದರಿಗಳ ಮೇಲೆ ರೊಟ್ಟಿ ಬಡಿದು ನೋಡಿದೆ. ಮೀನುಚಿಪ್ಪಿನ ಹಾಳೆ ಅಂಗೈ ಬಿದ್ದಾಗಲೆಲ್ಲ ಬಳುಕಿತು, ರೊಟ್ಟಿಯ ಅಂಚು ಸೀಳಿತು. ನೊರೆಗಾಜು ತರಿತರಿಯಾಗಿತ್ತು, ರೊಟ್ಟಿ ತಿರುಗಲೇ ಇಲ್ಲ. ಇನ್ನು ಅಣಬೆಹಲಗೆಯ ಕಥೆ ಕೇಳಿ. ರೊಟ್ಟಿ ತಿರುಗಲಿ ಎಂದು ನಾನು ಒಣಹಿಟ್ಟು ಉದುರಿಸಿದೆ, ಅದು ಎಲ್ಲೋ ಚೆಲ್ಲಿದ ಕಸವೆಂದು ತಿಳಿದು ಹಲಗೆ ಆ ಹಿಟ್ಟನ್ನೆಲ್ಲ ನುಂಗಿತು. ಮತ್ತೆ ಉದುರಿಸಿದೆ, ಮತ್ತೆ ನುಂಗಿತು. ಕಡೆಗೆ ರೊಟ್ಟಿಯ ತಳವನ್ನೇ ತಿನ್ನಲು ಶುರುಮಾಡಿತು. ಅಂಗಡಿಯವನು ಓಡಿ ಬಂದ.

"ಅವ್ವಾರ, ಇದು ಡಬ್ಬಿ ಊಟ ಬಿಸಿ ಮಾಡಾಕ ಮಾಡಿದ್ದರಿ. ಈಗ ರೊಟ್ಟಿ ಯಾರ ಬಡಿತಾರ?"

"ನಾ ಬಡಿತೀನಿ," ಎಂದು ಕೈಯ ಹಿಟ್ಟು ಕೊಡವಿ ಬಂದುಬಿಟ್ಟೆ.

ಇಷ್ಟೇ ಆಗಿದ್ದರೆ ನಿಮಗೆ ಇಷ್ಟುದ್ದ ಬರೆಯುತ್ತಿರಲಿಲ್ಲ. ನನ್ನ ಅತ್ತೆ ತೋಟವ್ವ ಕೆಳಗಿನ ಊರಿನಲ್ಲಿ, ದಡದ ಮೇಲೆ, ನನ್ನ ನಾದಿನಿಯ ಜೊತೆ ಇದ್ದರು. ಈ ಮಳೆಗಾಲಕ್ಕೆ ಮುಂಚೆ ಕೆಳಗಿನ ಊರನ್ನು ಪೂರ್ತಿ ತೆರವು ಮಾಡಬೇಕೆಂದು ಆದೇಶವಾಯಿತು. ನಾದಿನಿ ತನ್ನ ಗಂಡನ ಅಣ್ಣನ ಮನೆ ಸೇರಿದಳು, ಅಲ್ಲಿ ಇನ್ನೊಬ್ಬರಿಗೆ ತೂಕವಿಲ್ಲ. ತೂಗೂರಿನಲ್ಲಿ ಯಾರ ಮನೆಯಲ್ಲೂ ತೂಕ ಸಿಗದ ಮುದುಕರನ್ನು ದೂರದ ಊರಿನ ಸಾಲುಮಂಚದ ಮನೆಗೆ ಕಳಿಸುತ್ತಾರೆ. ಅಲ್ಲಿ ಸಾಲಾಗಿ ಮಂಚ, ಸಾಲಾಗಿ ತಟ್ಟೆ, ಹೊತ್ತಿಗೆ ಸರಿಯಾಗಿ ಗಂಜಿ. ಅತ್ತೆಯನ್ನು ಅಲ್ಲಿಗೆ ಕಳಿಸುವ ಮಾತೇ ಇರಲಿಲ್ಲ. ಹಾಗೆಂದು ನಾವಿಬ್ಬರೂ ತಾಯಿ ಮಗಳಂತೆ ಇದ್ದವರು ಎಂದು ತಿಳಿಯಬೇಡಿ. ಮದುವೆಯಾದಂದಿನಿಂದ ನಾನು ಮಾಡಿದ ಪಲ್ಯಕ್ಕೆ ಉಪ್ಪು ಕಡಿಮೆ, ನಾನು ಒಗೆದ ಬಟ್ಟೆಯಲ್ಲಿ ಕೊಳೆ ಹೆಚ್ಚು. ರೊಟ್ಟಿ ಬಡಿಯುವಾಗ ಮಾತ್ರ ನಮಗೆ ಜಗಳವಿಲ್ಲ. ನಾನು ಬಡಿಯುತ್ತೇನೆ, ಅವರು ಹಂಚಿನ ಮೇಲೆ ಹಾಕಿ ನೀರು ಸವರಿ ಬೇಯಿಸುತ್ತಾರೆ, ಇಬ್ಬರೂ ಏನೂ ಮಾತಾಡುವುದಿಲ್ಲ. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಬಹಳ ಪ್ರೀತಿ.

ಅವರ ಅಡುಗೆಮನೆಯಲ್ಲಿ ಒಂದು ಕಲ್ಲು ಇತ್ತು. ಇಳಕಲ್ಲಿನ ಕೆಂಪು ಗ್ರಾನೈಟ್, ನಿಮ್ಮ ಕಾಲದ್ದು. ನಮ್ಮಲ್ಲಿ ಬೆಟ್ಟ ಕಡಿದು ಹೊಸ ಕಲ್ಲು ತೆಗೆಯುವಂತಿಲ್ಲ, ಹಿಂದೆ ಕಡಿದು ಹಾಕಿದ್ದೇ ಸಾಕು ಎಂದು ಹಿರಿಯರು ನಿಲ್ಲಿಸಿದರು, ಒಳ್ಳೆಯದನ್ನೇ ಮಾಡಿದರು. ಈಗ ಇರುವುದೆಲ್ಲ ಮರುಕಲ್ಲು, ಎಂದರೆ ನಿಮ್ಮ ಮನೆಗಳು ಬಿದ್ದಾಗ ಎತ್ತಿ ಇಟ್ಟುಕೊಂಡದ್ದು. ಎಷ್ಟು ಮನೆ ಬದಲಾದರೂ ಈ ಕಲ್ಲು ಅತ್ತೆಯಿಂದ ಸೊಸೆಗೆ ಬರುತ್ತಲೇ ಇದೆ. ಅಂಗೈ ಬೀಳುವ ಜಾಗ ಕನ್ನಡಿಯಂತೆ ನುಣುಪಾಗಿದೆ.

ತೂಕಮಂಡಳಿಯ ಪ್ರಭುಲಿಂಗ ಸಾಹೇಬರು ಬಂದು ಅತ್ತೆಯನ್ನು ತೂಗಿದರು, ಕಲ್ಲನ್ನು ತೂಗಿದರು. ಕಲ್ಲೇ ಸ್ವಲ್ಪ ಮುಂದಿತ್ತು. ನಮ್ಮ ಪಾಲಿನಲ್ಲಿ ಉಳಿದಿದ್ದ ಜಾಗ ಎರಡರಲ್ಲಿ ಒಂದಕ್ಕೆ ಮಾತ್ರ.

"ನೀವ ಹೇಳ್ರಿ ಅವ್ವಾರ," ಎಂದರು ಸಾಹೇಬರು. "ಕಲ್ಲ ಬೇಕೋ, ಅತ್ತಿ ಬೇಕೋ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿಬಿಟ್ಟರು. "ಕಲ್ಲ ಮ್ಯಾಲೆ ಒಯ್ರಿ. ಅದು ನನಗಿಂತ ಹಿರೇದು, ಹಿರೇರಿಗೆ ಮೊದಲ ಜಾಗ ಕೊಡಬೇಕು. ಆ ಅಣಬಿ ಮ್ಯಾಲೆ ಬಡದ ರೊಟ್ಟಿ ತಿನ್ನೂದಕ್ಕಿಂತ ಸಾಲುಮಂಚದ ಗಂಜೀನ ಚಲೋ."

ನನ್ನ ಗಂಡ ಈರಬಸಪ್ಪ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಅವತ್ತು ಎದ್ದು ನಿಂತು, "ಇಬ್ರೂ ಬರ್ಲಿ. ನನ್ನ ಮಂಚ ಹೊರಗ ಒಗೀರಿ," ಎಂದ.

ಮಂಚ ಹೋಯಿತು. ಆಮೇಲೆ ಕಪಾಟು, ಊಟದ ಮೇಜು, ಕುರ್ಚಿಗಳು, ನನ್ನ ತವರಿನ ಹಿತ್ತಾಳೆ ಹಂಡೆ. ಹಂಡೆ ಕೊಡುವಾಗ ಅತ್ತೆ, ಅಷ್ಟು ದೊಡ್ಡದನ್ನು ಕೊಡಲೇಬಾರದಿತ್ತು ನಿನ್ನ ತವರಿನವರು, ಎಂದು ಚುಚ್ಚಿದರು. ಈಗ ನಾವು ನೆಲದ ಮೇಲೆ ಮಲಗುತ್ತೇವೆ, ನೆಲದ ಮೇಲೆ ಉಣ್ಣುತ್ತೇವೆ. ಕಲ್ಲನ್ನು ರಾಟೆ ಹಾಕಿ ಎಳೆದು ಕಟ್ಟೆಗೆ ಕೂರಿಸಿದೆವು. ಅತ್ತೆ ಬೀಗರಪಾಲಿನಲ್ಲಿ ಒಳಗೆ ಬಂದರು. ನಿನ್ನೆ ಸಾಹೇಬರು ಎಲ್ಲವನ್ನೂ ಮತ್ತೆ ತೂಗಿ, ಒಂದು ಕುಂಬಳಕಾಯಿಯಷ್ಟು ಹೆಚ್ಚಾಗಿದೆ ಎಂದರು. ನಾನು ಅಲ್ಲೇ ಇದ್ದ ಒರಳನ್ನು ಹೊರಗಿಟ್ಟು, ಈಗ ಸರಿಹೋಯಿತಲ್ಲ ಎಂದೆ. ಅದು ನಡೆಯುವುದಿಲ್ಲವಂತೆ. ಮಂಡಳಿ ಒಪ್ಪಿದ ಹಲಗೆಗಳಲ್ಲಿ ಕಲ್ಲು ಇಲ್ಲ, ಹಾಗಾಗಿ ಕಳೆಯುವುದನ್ನು ಕಲ್ಲಿನಿಂದಲೇ ಕಳೆಯಬೇಕಂತೆ. ಬೀಗರಪಾಲು ನಾಳೆಗೆ ಮುಗಿಯುತ್ತದೆ. ಅಷ್ಟರಲ್ಲಿ ಕಲ್ಲಿನ ನಡುವೆ ಒಲೆ ಇಳಿಸಲು ಒಂದು ಕಿಂಡಿ ಕೊರೆದರೆ ಅತ್ತೆಗೆ ಪಾಲು ಸಿಗುತ್ತದೆ, ಇಲ್ಲವಾದರೆ ಸಾಲುಮಂಚದ ದೋಣಿ.

ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೋದ ತಿಂಗಳು ಪಕ್ಕದ ಮನೆಯ ಮದುವೆಯಲ್ಲಿ ಇಡೀ ದಿಬ್ಬಣ ಒಳಗೆ ಕುಣಿಯಿತು, ಹಗ್ಗ ಕಿರ್ರೆನ್ನಲಿಲ್ಲ. ನನ್ನ ಒರಳಿನ ತೂಕ ತೂಕವಲ್ಲ, ಕಲ್ಲಿನ ತೂಕ ಮಾತ್ರ ತೂಕ! ಇದು ತೂಕದ ಮಾತಲ್ಲ ಎಂದು ನನಗೂ ಗೊತ್ತು, ಸಾಹೇಬರಿಗೂ ಗೊತ್ತು. ಒಂದು ಮನೆಯಲ್ಲಿ ಕಲ್ಲು ಇಡಿಯಾಗಿ ನಿಂತರೆ ನಾಳೆ ಇನ್ನೊಂದು ಮನೆಯವರು ಕೇಳುತ್ತಾರೆ. ಅವರು ಕೇಳಲಿ ಎಂದೇ ನನ್ನ ಆಸೆ.

ಆ ಕಿಂಡಿ ಏನೆಂದು ನಿಮಗೆ ಹೇಳಬೇಕು, ಅದಕ್ಕೇ ಈ ಪತ್ರ. ದಡದಲ್ಲಿ ಮರುಕಲ್ಲಿನ ದೊಡ್ಡ ರಾಶಿ ಇದೆ. ನಿಮ್ಮ ಕಾಲದ ಅಡುಗೆಕಟ್ಟೆಗಳೆಲ್ಲ ಅಲ್ಲಿ ಸಾಲಾಗಿ ಒರಗಿವೆ. ಕ್ವಾರ್ಟ್ಜ್ ಎಂದು ನೀವು ಹೆಚ್ಚು ದುಡ್ಡು ಕೊಟ್ಟು ತಂದದ್ದು ಬಿಸಿ ಪಾತ್ರೆ ಇಟ್ಟಲ್ಲೆಲ್ಲ ಹಳದಿಯಾಗಿದೆ. ಮಾರ್ಬಲ್ ಮೇಲೆ ನೀವು ಹಿಂಡಿದ ನಿಂಬೆಹಣ್ಣಿನ ಕಲೆ ಇನ್ನೂ ಹೋಗಿಲ್ಲ. ಮರದಂತೆ ಕಾಣುವ ಹಾಳೆ ಅಂಟಿಸಿದ್ದು ಬಿಚ್ಚಿಕೊಂಡು, ಒಳಗಿನ ಹೊಟ್ಟು ಊದಿದೆ. ಟೈಲ್ಸ್ ಸಂದಿಯ ಕಪ್ಪು ಹಾಗೇ ಇದೆ. ಗ್ರಾನೈಟ್ ಮಾತ್ರ ಒರೆಸಿದರೆ ಹೊಸದರಂತೆ ಹೊಳೆಯುತ್ತದೆ. ಆದರೆ ಏನು ಮಾಡೋಣ, ಎಲ್ಲದಕ್ಕೂ ತೂತು! ಒಂದು ಕಡೆ ಸಿಂಕಿಗೆ ಕೊರೆದದ್ದು, ನಟ್ಟನಡುವೆ ಹಾಬ್ ಒಲೆ ಇಳಿಸಲು ಕೊರೆದದ್ದು. ಎರಡರ ನಡುವೆ ಒಂದು ರೊಟ್ಟಿ ತಿರುಗುವಷ್ಟು ಕಲ್ಲು ಉಳಿದಿದ್ದರೆ ಕೇಳಿ. ಆ ಒಲೆಗಳು ಕೆಟ್ಟು ಮಣ್ಣುಪಾಲಾಗಿ ಎಷ್ಟೋ ಕಾಲವಾಯಿತು, ತೂತುಗಳು ಮಾತ್ರ ಉಳಿದಿವೆ. ಮಕ್ಕಳು ಅದರಲ್ಲಿ ತಲೆ ತೂರಿಸಿ ಆಡುತ್ತಾರೆ.

ನಮ್ಮ ಕಲ್ಲಿಗೆ ತೂತಿಲ್ಲ. ಅದನ್ನು ಮೊದಲು ಕೊಂಡ ಹೆಂಗಸು ಕಲ್ಲು ಕೊರೆಯಲು ಬಂದವನ ಜೊತೆ ಜಗಳ ಮಾಡಿ, ಒಲೆ ಕಲ್ಲಿನ ಮೇಲೆಯೇ ಇರಲಿ, ಸಿಂಕು ಬೇರೆ ಇರಲಿ ಎಂದಳಂತೆ. ಮನೆಯವರೆಲ್ಲ ನಕ್ಕರಂತೆ, ಹಳೇ ಕಾಲದವಳು ಎಂದರಂತೆ. ಅವಳ ಹೆಸರು ನಮಗೆ ಗೊತ್ತಿಲ್ಲ. ಅದು ನೀವೇ ಇರಬಹುದು ಅಕ್ಕಾ, ಇಲ್ಲದಿದ್ದರೂ ಚಿಂತೆಯಿಲ್ಲ, ನಿಮಗೂ ಇದೇ ಕೋರಿಕೆ. ಬಣ್ಣ ನಿಮಗೆ ಬೇಕಾದ್ದು ಆರಿಸಿ, ಅಂಚನ್ನು ಬೇಕಾದಂತೆ ಮಾಡಿಸಿ. ಒಂದು ಕಡೆ ಮಾತ್ರ, ಕೈಯೆರಡೂ ಆಡುವಷ್ಟು ಕಲ್ಲನ್ನು ಇಡಿಯಾಗಿ ಉಳಿಸಿಕೊಳ್ಳಿ. ಈಗ ಎಲ್ಲರೂ ತೂತು ಕೊರೆಸಿಯೇ ಹಾಕಿಸುತ್ತಾರೆ ಮೇಡಂ ಎಂದು ಅಂಗಡಿಯವನು ಹೇಳುತ್ತಾನೆ. ನಿಮ್ಮ ಮಕ್ಕಳು ಚಂದ ಕಾಣುವುದಿಲ್ಲ ಎನ್ನುತ್ತಾರೆ. ನೀವು ರೊಟ್ಟಿ ಬಡಿಯದವರೇ ಇರಬಹುದು, ಚಪಾತಿಯನ್ನೂ ಅಂಗಡಿಯಿಂದಲೇ ತರುವವರಿರಬಹುದು. ಆದರೂ ಉಳಿಸಿಕೊಳ್ಳಿ, ಆ ಕಲ್ಲು ನಿಮ್ಮ ಕಾಲಕ್ಕೇ ಮುಗಿಯುವುದಿಲ್ಲ.

ಇಲ್ಲಿ ನಾಳೆ ಬೆಳಿಗ್ಗೆ ಸಾಹೇಬರು ಕೊರೆಯುವ ಯಂತ್ರ ಹಿಡಿದು ಬರುತ್ತಾರೆ. ಅವರು ಬರುವ ಹೊತ್ತಿಗೆ ನಾನು ಎಸರಿಟ್ಟು, ಹಿಟ್ಟು ಕಲಸಿ ರೊಟ್ಟಿ ಬಡಿಯುತ್ತಿರುತ್ತೇನೆ. ಅತ್ತೆ ಪಕ್ಕದಲ್ಲಿ ನಿಂತು ಬೇಯಿಸುತ್ತಿರುತ್ತಾರೆ. ನಮ್ಮ ಸಾಲಿನ ಹೆಂಗಸರು ತಮ್ಮ ತಮ್ಮ ಹಿಟ್ಟು ತರುತ್ತೇವೆ ಎಂದಿದ್ದಾರೆ. ಒಬ್ಬರ ಕೈ ಸೋತರೆ ಇನ್ನೊಬ್ಬರು ಬಡಿಯುತ್ತಾರೆ, ಕಲ್ಲು ಒಂದು ಗಳಿಗೆಯೂ ಖಾಲಿ ಇರುವುದಿಲ್ಲ. ಕೊರೆಯಬೇಕಾದರೆ ನಮ್ಮ ಕೈಗಳನ್ನು ಸರಿಸಿಯೇ ಕೊರೆಯಬೇಕು. ಅತ್ತೆಯನ್ನು ದೋಣಿ ಹತ್ತಿಸಬೇಕಾದರೆ ಮೊದಲು ಅವರ ಕೈಯಲ್ಲಿರುವ ಬಿಸಿ ಹಂಚನ್ನು ಇಳಿಸಬೇಕು, ಅದನ್ನು ಯಾರು ಮಾಡುತ್ತಾರೋ ನಾನೂ ನೋಡುತ್ತೇನೆ.

ಅಂಗಡಿಯವನು ಅಳತೆಪಟ್ಟಿ ಹಿಡಿದು ನಿಮ್ಮ ಮುಖ ನೋಡುತ್ತಿರಬಹುದು. ಕಿಂಡಿ ಎಲ್ಲಿ ಕೊರೆಯಲಿ ಎಂದು ಕೇಳುತ್ತಾನೆ. ಬೇಡ ಅನ್ನಿ ಅಕ್ಕಾ. ಅಲ್ಲಿ ನೀವೊಂದು ಸಲ ಅನ್ನಿ, ಇಲ್ಲಿ ನಾಳೆ ನಾನು ಅನ್ನುತ್ತೇನೆ.

ನಿಮ್ಮ
ಗೌರಾಂಬಿಕೆ