ಮಿಕ್ಕ ಬೋಲ್ಟು

ರೀ,

ಶೆಡ್ಡಲ್ಲಿ ಜೀಪಿಲ್ಲ ಅಂತ ಗಾಬರಿಯಾಗ್ಬೇಡಿ. ತಗೊಂಡು ಹೋಗಿರೋದು ಕಳ್ಳ ಅಲ್ಲ, ನಾನೇ.

ಜೀಪಿಂದ ಬಿಚ್ಚಿದ ಕ್ರಮದಲ್ಲೇ ನಾನು ಸಾಲಾಗಿ ಜೋಡಿಸಿಟ್ಟಿದ್ದ ನಟ್ಟು ಬೋಲ್ಟುಗಳನ್ನ ನೀವು ಒರೆಸಿ, ಸೈಜು ನೋಡಿ ಅಡುಗೆಮನೆ ಡಬ್ಬಿಗಳಿಗೆ ತುಂಬಿದ್ರಲ್ಲ, ಅವತ್ತು ಮೈಯೆಲ್ಲ ಉರಿದಿತ್ತು. ಯಾವುದು ಎಲ್ಲೀದು ಅಂತ ಹುಡುಕೋಕೆ ಮೂರು ಭಾನುವಾರ ಹಿಡೀತು. ಆದ್ರೆ ಆ ನೆಪದಲ್ಲಿ ಈ ಹಳೇ ಗಾಡಿಯ ಮೂಲೆಮೂಲೆಯೂ ಪರಿಚಯ ಆಯ್ತು. ಇವತ್ತು ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು ಕಣ್ರೀ!

ಹೊಸ ದೊಡ್ಡ ಟೈರು ಗುಡ್ಡ ಹತ್ತುತ್ತಾ ಅಂತ ನೋಡ್ಕೊಂಡು ಬರ್ತೀನಿ. ಊಟ ಮುಚ್ಚಿಟ್ಟಿದ್ದೀನಿ. ನನ್ನ ಸ್ಪ್ಯಾನರ್‌ಗಳನ್ನ ಮಾತ್ರ ದಮ್ಮಯ್ಯ, ಜೋಡಿಸೋಕೆ ಹೋಗ್ಬೇಡಿ.

ಚೀಟಿ ಮೇಲಿಟ್ಟಿರೋ ಬೋಲ್ಟು ಕೊನೇಲಿ ಮಿಕ್ಕಿದ್ದು. ನಾನು ಜೀಪಲ್ಲಿ ವಾಪಸ್ ಬಂದ್ರೆ ಅದು ನಿಮ್ದು, ಇಟ್ಕೊಳ್ಳಿ. ನಡ್ಕೊಂಡು ಬಂದ್ರೆ ಜೀಪಿಂದು.