ಸಿರಿಂಜಿನ ಡಬ್ಬಿಯೊಳಗಿನ ಉಸಿರು

ಮೆಹಕರ
ಸೋಮವಾರ, 18 ನವೆಂಬರ್ 2024

ಶರೋನಳ ಪಪ್ಪಾ ಅವರಿಗೆ ಹೆಪ್ಸಿಬಾಳ ವಂದನೆ. ಕರ್ತನು ನಿಮ್ಮನ್ನು ಕಾಯಲಿ, ನೀವಂತೂ ನಿಮ್ಮನ್ನು ಕಾಯ್ದುಕೊಳ್ಳುತ್ತಿಲ್ಲ.

ಎರಡು ವರ್ಷದ ಮೇಲೆ ಹೆಂಡತಿಯ ಕಾಗದ ಬಂತೆಂದು ಗಾಬರಿಯಾಗಬೇಡಿ. ಫೋನು ಮಾಡಿದರೆ "ಅರಾಮ ಅದೀನಿ" ಎಂದು ಕಟ್ ಮಾಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ತಲೆ ಪೂರ್ತಿ ಗೊಂದಲವಾಗಿದೆ, ಹಿಂದುಮುಂದಾದರೆ ನೀವೇ ಜೋಡಿಸಿ ಓದಿಕೊಳ್ಳಿ.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ದಿನಾ ಬೆಳಿಗ್ಗೆ ಏಳಕ್ಕೆ ನೀವು ಹ್ಯಾಮ್ ರೇಡಿಯೋದಲ್ಲಿ ನಿಮ್ಮ ಗೆಳೆಯ ಮುಜೀಬೋದ್ದೀನ ಅವರ ಜೊತೆ ಮಾತಾಡುವುದನ್ನು ಇಲ್ಲಿ ಕೂತು ಕೇಳುತ್ತೇನೆ. ಭಾಲ್ಕಿಯ ಗುಜರಿ ಅಂಗಡಿಯಲ್ಲಿ ಒಂದು ಹಳೆಯ ರಿಸೀವರ್ ಸಿಕ್ಕಿತು. ನಮ್ಮ ಆರೋಗ್ಯ ಉಪಕೇಂದ್ರದ ಹಿಂದಿನ ಬೇವಿನ ಗಿಡಕ್ಕೆ ತಂತಿ ಕಟ್ಟಿದ್ದೇನೆ. ಸಿಸ್ಟರ್ ಬಟ್ಟೆ ಒಣಹಾಕಲು ಕಟ್ಟಿದ್ದಾರೆಂದು ಊರವರು ತಿಳಿದಿದ್ದಾರೆ.

ನಿಮ್ಮ ಈ ಸಿಂಗಲ್ ಸೈಡ್‌ಬ್ಯಾಂಡ್ ಪ್ರಸಾರ ಎಷ್ಟು ಸತಾಯಿಸುತ್ತದೆ! ಗುಂಡಿ ಕೂದಲೆಳೆಯಷ್ಟು ಅತ್ತ ಹೋದರೆ ನಿಮ್ಮ ದನಿ ಬಾತುಕೋಳಿಯದಾಗುತ್ತದೆ, ಇತ್ತ ಬಂದರೆ ಯಾವನೋ ಪೈಲ್ವಾನನದು. ನಿಮ್ಮ ಹಳೆಯ ವಾಲ್ವ್ ಸೆಟ್ಟು ಬಿಸಿಯಾಗುತ್ತ ತನ್ನ ತರಂಗ ಬಿಟ್ಟು ಜಾರುತ್ತದೆ, ನಾನು ಗುಂಡಿ ತಿರುಗಿಸುತ್ತ ಹಿಂದೆ ಓಡುತ್ತೇನೆ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದಾಗಲೂ ನಿಮ್ಮನ್ನು ಹಿಡಿಯಲು ಇಷ್ಟು ಕಷ್ಟಪಟ್ಟಿರಲಿಲ್ಲ.

ಒಂದೂವರೆ ತಿಂಗಳಿಂದ ನಿಮ್ಮ ಮಾತುಗಳ ನಡುವೆ ಇನ್ನೊಂದು ಸದ್ದು ಕೇಳತೊಡಗಿತು. ನೀವು ಸುಮ್ಮನಾದ ಕೂಡಲೇ ಹುಸ್, ಹುಸ್. ಫ್ಯಾನು ಅಂದುಕೊಂಡೆ. ಚಳಿ ಶುರುವಾದರೂ ಅದು ನಿಲ್ಲಲಿಲ್ಲ. ನನ್ನ ರಿಸೀವರೇ ಕೆಟ್ಟಿತೆಂದುಕೊಂಡರೆ ಮುಜೀಬೋದ್ದೀನ ಮಾತಾಡುವಾಗ ಆ ಸದ್ದಿಲ್ಲ. ಆಮೇಲೆ, ನಾಚಿಕೆ ಬಿಟ್ಟು ಬರೆಯುತ್ತೇನೆ, ಮೈಕಿನ ಹತ್ತಿರ ಯಾರೋ ಕೂತು ಉಸಿರಾಡುತ್ತಿದ್ದಾರೆಂದು ಅನ್ನಿಸಿತು. ನನ್ನ ಮನೆಯಲ್ಲಿ, ನನ್ನ ಕುರ್ಚಿಯಲ್ಲಿ ಯಾರು? ಒಂದು ವಾರ ಹೊಟ್ಟೆ ಉರಿದುಕೊಂಡೆ. ಬಿಟ್ಟುಬಂದವಳು ನಾನೇ, ಉರಿದುಕೊಳ್ಳುವವಳೂ ನಾನೇ!

ಕೊನೆಗೆ ಮನೆಯ ನಳಕ್ಕೆ ನೀರು ಬರುತ್ತಿದೆಯೇ ಎಂದು ಕೇಳುವ ನೆಪ ಮಾಡಿ ಮುಜೀಬೋದ್ದೀನ ಅವರಿಗೆ ಫೋನು ಹಚ್ಚಿದೆ. "ಭಾಭೀ, ಸರ್ ಒಬ್ಬರೇ ಇರ್ತಾರ್ರಿ. ದನಿ ಮಾತ್ರ ಹಿಂದಕಿಂತ ಗಟ್ಟಿ ಆಗ್ಯಾದ ನೋಡ್ರಿ. ಫಿಕರ್ ಮಾಡಬ್ಯಾಡ್ರಿ" ಎಂದರು. ಯಾರೂ ಇಲ್ಲ, ದನಿಯೂ ಗಟ್ಟಿ, ಹಾಗಾದರೆ ಆ ಉಸಿರು ಯಾರದು? ಇನ್ನಷ್ಟು ಗೊಂದಲವಾಯಿತು.

ಮೊನ್ನೆ ಶನಿವಾರ ಗೊತ್ತಾಯಿತು. ನೀವು ಮಾತು ಶುರು ಮಾಡಿದರೆ ದನಿ ಬಾವಿಯ ತಳದಿಂದ ಬಂದಂತಿತ್ತು. ಆಗ ಅವರು, "ಸರ್, ಆ ಸ್ಟೀಲ್ ಡಬ್ಬಿ ಚಾಲೂ ಮಾಡ್ರಿ, ಏನೂ ಕೇಳಸ್ವಲ್ದು" ಎಂದರು. ಟಕ್ ಎಂದಿತು. ದನಿ ತುಂಬಿ ಬಂತು, ಅದರ ಬೆನ್ನಿಗೇ ಹುಸ್, ಹುಸ್.

ಆ ಡಬ್ಬಿ! ನನ್ನವ್ವ ಮಿಷನ್ ದವಾಖಾನೆಯಲ್ಲಿ ನರ್ಸಾಗಿದ್ದಾಗ ಸಿರಿಂಜು ಕುದಿಸುತ್ತಿದ್ದ ಡಬ್ಬಿ. ಅವಳು ತೀರಿಕೊಂಡ ಮೇಲೆ ನನಗೆ ಉಳಿದದ್ದು ಅದೊಂದೇ. ನನ್ನನ್ನು ಒಂದು ಮಾತೂ ಕೇಳದೆ ಅದಕ್ಕೆ ನಾಲ್ಕು ತೂತು ಕೊರೆದು ನಿಮ್ಮ ಸ್ಪೀಚ್ ಪ್ರೊಸೆಸರ್ ಕೂರಿಸಿದಿರಿ. ಅದರ ಸಲುವಾಗಿಯೇ ಅಲ್ಲವೇ ನಾನು ಮೆಹಕರಕ್ಕೆ ವರ್ಗ ಕೇಳಿಕೊಂಡು ಹೊರಟದ್ದು? ಅದು ಜೋರಾದದ್ದನ್ನು ತಗ್ಗಿಸುತ್ತದೆ, ಮೆಲ್ಲಗಿನದನ್ನು ಎತ್ತುತ್ತದೆ ಎಂದು ಅವತ್ತು ನೀವೇ ಹೆಮ್ಮೆಯಿಂದ ಹೇಳಿದ್ದಿರಿ. ಕುಂದಿದ ದನಿಯನ್ನು ಅದು ಎತ್ತಿ ಕೊಟ್ಟಿತು, ಕೇಳಿದವರು ನೀವು ಗಟ್ಟಿಯಾಗಿದ್ದೀರೆಂದು ನಂಬಿದರು. ಆದರೆ ಮಾತು ನಿಂತಾಗ ಎತ್ತಲು ಬೇರೇನೂ ಇಲ್ಲದೆ ನಿಮ್ಮ ಉಸಿರನ್ನೇ ಎತ್ತಿ ಮೆಹಕರದವರೆಗೆ ಕಳಿಸಿತು.

ಇವತ್ತು ಬೆಳಿಗ್ಗೆ ಗಡಿಯಾರ ಹಿಡಿದು ಎಣಿಸಿದೆ. ಅವರು ಮಾತಾಡುವಾಗ ನಿಮ್ಮದು ಕೇಳುವುದಿಲ್ಲ, ಅದಕ್ಕೇ ನೀವು ಮೈಕು ಒತ್ತಿಹಿಡಿದು ಕಾಗದ ಹುಡುಕುತ್ತಿದ್ದ ಹೊತ್ತಿನಲ್ಲಿ ಎಣಿಸಿದೆ. ಅರ್ಧ ನಿಮಿಷಕ್ಕೆ ಹದಿನಾಲ್ಕು. ಕೂತ ಮನುಷ್ಯನಿಗೆ ಅಷ್ಟು ಇರಬಾರದು. ಶ್ವಾಸಕೋಶವೋ ಹೃದಯವೋ, ರೇಡಿಯೋದಲ್ಲಿ ಕೇಳಿ ಹೇಳಲಾರೆ. ನನಗೆ ಹೆದರಿಕೆಯಾಗಿದೆ.

ಔರಾದಿನಲ್ಲಿ ಟೀಚರಾಗಿರುವ ಶರೋನಳಿಗೆ ಇನ್ನೂ ತಿಳಿಸಿಲ್ಲ, ಶಾಲೆ ಬಿಟ್ಟು ಓಡಿ ಬಂದಾಳು. ನೀವು ಹೀಗೆ ಮಾಡಿ. ಅಷ್ಟರಲ್ಲಿ ಈ ಕಾಗದ ಮುಟ್ಟಿರುತ್ತದೆ, ಭಾನುವಾರ ಬೆಳಿಗ್ಗೆ ಏಳಕ್ಕೆ ಡಬ್ಬಿ ಬಂದ್ ಮಾಡಿ, ಬರೀ ದನಿಯಲ್ಲಿ, "ನಾಳಿ ದವಾಖಾನಿಗಿ ಹೋಗ್ತೇನಿ" ಎಂದು ಮುಜೀಬೋದ್ದೀನ ಅವರಿಗೆ ಹೇಳಿ. ರೇಡಿಯೋದಲ್ಲಿ ನಾಲ್ಕು ಜನ ಕೇಳಿದ ಮೇಲೆ ನೀವು ಮಾತು ತಪ್ಪುವವರಲ್ಲ. ಹೇಳಿದರೆ ಮೊದಲ ಬಸ್ಸಿಗೆ ಬೀದರಿಗೆ ಬರುತ್ತೇನೆ. ಹೇಳದಿದ್ದರೂ ಬರುತ್ತೇನೆ, ದಾರಿಯುದ್ದ ಬೈಯುತ್ತ ಬರುತ್ತೇನೆ. ನರ್ಸಾಗಿ ಬರುತ್ತೇನೋ ಹೆಂಡತಿಯಾಗಿಯೋ, ಅದು ಮಾತ್ರ ನನಗೇ ತಿಳಿಯುತ್ತಿಲ್ಲ.

ಇನ್ನೂ ಸಿಟ್ಟಿರುವ,
ಹೆಪ್ಸಿಬಾ

ತಾ.ಕ.: ಗುಜರಿ ಅಂಗಡಿಯ ಮಾತು ಸುಳ್ಳು. ಒಯ್ದು ವಾಪಸು ಕೊಟ್ಟಿಲ್ಲವೆಂದು ನೀವು ಎರಡು ವರ್ಷದಿಂದ ಮುಜೀಬೋದ್ದೀನ ಅವರನ್ನು ಚುಚ್ಚುತ್ತಿರುವ ಬೂದು ಬಣ್ಣದ ರಿಸೀವರ್ ನನ್ನ ಹತ್ತಿರವಿದೆ. ಅವರ ಹತ್ತಿರ ಮಾಫಿ ಕೇಳಿ. ಹೊರಟ ದಿನ, ಅವ್ವನ ಡಬ್ಬಿಗೆ ಬದಲು ಇದನ್ನು ಮಾರಿಬಿಡುತ್ತೇನೆಂದು ಸೀರೆಯಲ್ಲಿ ಸುತ್ತಿ ತಂದಿದ್ದೆ. ನಡೆಯುತ್ತದೋ ಇಲ್ಲವೋ ನೋಡೋಣ ಎಂದು ಮರುದಿನ ಬೆಳಿಗ್ಗೆ ಸ್ವಿಚ್ ಹಾಕಿದರೆ ನಿಮ್ಮ ದನಿಯೇ ಬಂತು. ಆಮೇಲೆ ಮಾರಲು ಮನಸ್ಸಾಗಲಿಲ್ಲ.